ರಾಜನಿಗೆ ಚೆಕ್! ಕಂಪ್ಯೂಟರಿಗೆ ಇದನ್ನು ಕಲಿಸುವುದು ಹೇಗೆ?

ಅಲ್ ರೀಮ್ ಐಲ್ಯಾಂಡ್, ಅಬುಧಾಬಿ: 2017ರ ಡಿಸೆಂಬರ್ ಕೊನೆಯ ವಾರ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಮತ್ತು ಬ್ಲಿಟ್ಜ್ ಚೆಸ್ ಚಾಂಪಿಯನ್‌ಶಿಪ್ ನಡೆಯಿತು. ರ‍್ಯಾಪಿಡ್ ವಿಭಾಗದಲ್ಲಿ ನಮ್ಮ ವಿಶ್ವನಾಥನ್ ಆನಂದ್ ಗೆದ್ದದ್ದು ಎಲ್ಲರಿಗೂ ನೆನಪಿರಬಹುದು. ಅದರ ಬೆನ್ನಿಗೇ ಶುರುವಾದ ಬ್ಲಿಟ್ಜ್‌ನ ಮೊದಲ ಸುತ್ತಿನಲ್ಲಿ ಒಂದು ವಿಚಿತ್ರ ನಡೆಯಿತು. ಮ್ಯಾಗ್ನಸ್ ಕಾರ್ಲ್‌ಸನ್ ಆನೆಯಿಂದ ಚೆಕ್ ಕೊಟ್ಟರು. ಎದುರಾಳಿ ಅರ್ನೆಸ್ಟೊ ಇನಾರ್ಕಿಯೆವ್ ತನ್ನ ರಾಜನನ್ನು ಉಳಿಸಿಕೊಳ್ಳುವ ಬದಲು ಕುದುರೆ ನಡೆಸಿ ಕಾರ್ಲ್‌ಸನ್ ರಾಜನಿಗೇ ಚೆಕ್ ಕೊಟ್ಟುಬಿಟ್ಟರು! ಈಗ ಹಲಗೆಯ ಮೇಲೆ ಇಬ್ಬರು ರಾಜರಿಗೂ ಚೆಕ್. ಕಾರ್ಲ್‌ಸನ್ ಆ ಗಡಿಬಿಡಿಯಲ್ಲಿ ತಮ್ಮ ರಾಜನನ್ನು ಸರಿಸಿದರು. ಕೂಡಲೇ ಇನಾರ್ಕಿಯೆವ್ ಗಡಿಯಾರ ನಿಲ್ಲಿಸಿ, ಕಾರ್ಲ್‌ಸನ್ ಅಕ್ರಮ ನಡೆ ಆಡಿದ್ದಾರೆ ಎಂದು ದೂರಿದರು. ಮೊದಲು ಇನಾರ್ಕಿಯೆವ್ ಗೆದ್ದರೆಂದು ತೀರ್ಪಾಯಿತು. ಕಾರ್ಲ್‌ಸನ್ ಆಕ್ಷೇಪಿಸಿದ ಮೇಲೆ ಮುಖ್ಯ ಆರ್ಬಿಟರ್ ಆಟ ಅಲ್ಲಿಂದಲೇ ಮುಂದುವರಿಯಲಿ ಎಂದರು. ಇನಾರ್ಕಿಯೆವ್ ಒಪ್ಪದ ಕಾರಣ ಪಾಯಿಂಟ್ ಕಾರ್ಲ್‌ಸನ್‌ಗೆ ಹೋಯಿತು. ಆ ಬ್ಲಿಟ್ಜ್ ಪ್ರಶಸ್ತಿಯನ್ನೂ ಕೊನೆಗೆ ಅವರೇ ಗೆದ್ದರು.

ವಿಶ್ವ ಮಟ್ಟದಲ್ಲೇ "ಚೆಕ್ ಎಂದರೇನು, ಸಕ್ರಮ ನಡೆ ಯಾವುದು" ಎಂದು ಇಷ್ಟು ಗಲಾಟೆಯಾದರೆ, ನಮ್ಮ ರೀಮ್ ದ್ವೀಪದ ಫ್ಲ್ಯಾಟುಗಳಲ್ಲಿ ಬೇಸಿಗೆ ರಜೆಯ ಉರಿಬಿಸಿಲಿಗೆ ಹೊರಗೆ ಹೋಗಲಾಗದೆ ಚೆಸ್ ಹಲಗೆ ಹಾಸಿಕೊಂಡು ಕೂರುವ ಮಕ್ಕಳು ಜಗಳವಾಡುವುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿನ ಹಲವು ಕನ್ನಡ ಮನೆಗಳ ಮಕ್ಕಳು ವಾರಕ್ಕೊಮ್ಮೆ ಚೆಸ್ ಕ್ಲಾಸು, ಇನ್ನೊಮ್ಮೆ ಕೋಡಿಂಗ್ ಕ್ಲಾಸು ಎಂದು ಓಡಾಡುತ್ತಾರೆ. ಈ ಎರಡೂ ಕೂಡುವ ಜಾಗ ಒಂದಿದೆ: ಕಂಪ್ಯೂಟರಿಗೆ ಚೆಸ್‌ನ ಸಕ್ರಮ ನಡೆಗಳನ್ನು ಮಾತ್ರ ಹುಡುಕಲು ಕಲಿಸುವುದು. ಅದನ್ನು ಎಲ್ಲರಿಗೂ ಅರ್ಥವಾಗುವಂತೆ ಹೇಳುವ ಪ್ರಯತ್ನ ಈ ಲೇಖನ.

ಮೊದಲು ಹೆಸರುಗಳು

ಊರಿನಲ್ಲಿ ನಾವು ಆನೆ ಎನ್ನುವುದು ಮಕ್ಕಳ ಬಾಯಲ್ಲಿ ರೂಕ್, ನಮ್ಮ ಒಂಟೆ ಅವರಿಗೆ ಬಿಷಪ್. ಇಲ್ಲಿ ಅರಬ್ ಗೆಳೆಯರೊಂದಿಗೆ ಆಡುವಾಗ ಇನ್ನೊಂದು ಗೊಂದಲ. ಅವರು ಬಿಷಪ್‌ಗೆ "ಫೀಲ್" ಎನ್ನುತ್ತಾರೆ, ಹಾಗೆಂದರೆ ಆನೆ! ಈ ಲೇಖನದಲ್ಲಿ ನಾವು ಊರಿನ ರೂಢಿಯನ್ನೇ ಅನುಸರಿಸಿದ್ದೇವೆ: ರಾಜ, ಮಂತ್ರಿ, ನೇರ ನಡೆಯುವ ಆನೆ, ಓರೆ ನಡೆಯುವ ಒಂಟೆ, ಕುದುರೆ, ಕಾಲಾಳು. ಮನೆಗಳನ್ನು ಎಂದಿನಂತೆ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದೂ, ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8 ಎಂದೂ ಗುರುತಿಸಿದ್ದೇವೆ. ಹಲಗೆ ಪಕ್ಕದಲ್ಲಿಟ್ಟುಕೊಂಡು ಓದಿದರೆ ಸುಲಭ.

ಅಬುಧಾಬಿಯ ಹೈಡ್ರಾ

ಈ ವಿಷಯಕ್ಕೂ ನಮ್ಮ ಅಬುಧಾಬಿಗೂ ಹತ್ತಿರದ ನಂಟಿದೆ. ಕಳೆದ ದಶಕಗಳ ಅತಿ ಬಲಿಷ್ಠ ಚೆಸ್ ಯಂತ್ರಗಳಲ್ಲಿ ಒಂದಾದ ಹೈಡ್ರಾ ಇದ್ದದ್ದು ಇದೇ ಊರಿನಲ್ಲಿ. ಶೇಖ್ ತಹ್ನೂನ್ ಬಿನ್ ಜಾಯೆದ್ ಅಲ್ ನಹ್ಯಾನ್ ಅವರ ಪ್ರೋತ್ಸಾಹದಲ್ಲಿ, ಇಲ್ಲಿನ ಪಾಲ್ ಗ್ರೂಪ್ ಸಂಸ್ಥೆಯ ಬೆಂಬಲದಿಂದ ಅದು ಬೆಳೆಯಿತು. ಅದರ ಮುಖ್ಯ ಪ್ರೋಗ್ರಾಮರ್ ಆಸ್ಟ್ರಿಯಾದ ಕ್ರಿಲ್ಲಿ ಡೊನಿಂಗರ್. 2005ರ ಜೂನ್‌ನಲ್ಲಿ ಲಂಡನ್‌ನಲ್ಲಿ ನಡೆದ ಆರು ಆಟಗಳ ಪಂದ್ಯದಲ್ಲಿ ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಮೈಕೆಲ್ ಆಡಮ್ಸ್ ಹೈಡ್ರಾ ಎದುರು ಐದರಲ್ಲಿ ಸೋತು ಒಂದನ್ನು ಮಾತ್ರ ಡ್ರಾ ಮಾಡಿಕೊಂಡರು. ಗ್ರೀಕ್ ಪುರಾಣದ ಹೈಡ್ರಾ ಎಂದರೆ ಹಲವು ತಲೆಗಳ ಸರ್ಪ. ನಮ್ಮ ಆದಿಶೇಷನಂತೆ ಎನ್ನಿ. ಹೆಸರಿಗೆ ತಕ್ಕಂತೆ ಹಲವಾರು ಕಂಪ್ಯೂಟರುಗಳು ಸೇರಿ ಒಂದೇ ಆಟವನ್ನು ಯೋಚಿಸುತ್ತಿದ್ದವು.

ಆ ಪಂದ್ಯದ ಹೊತ್ತಿಗೆ ಅದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು ಎಂದು ವರದಿಯಾಗಿತ್ತು. ಇಷ್ಟು ವೇಗಕ್ಕಾಗಿ ನಡೆಗಳನ್ನು ಹುಡುಕುವ ಕೆಲಸವನ್ನು ಸಾಫ್ಟ್‌ವೇರ್‌ನಿಂದ ತೆಗೆದು ಎಫ್‌ಪಿಜಿಎ ಎಂಬ ಚಿಪ್‌ಗೆ ವಹಿಸಿದ್ದರು. ಬೇಕಾದಂತೆ ಒಳಗಿನ ಜೋಡಣೆ ಬದಲಿಸಿಕೊಳ್ಳಬಹುದಾದ ಚಿಪ್ ಇದು. ಚಿಪ್‌ನೊಳಗೇ 8×8 ಚೆಸ್ ಹಲಗೆ. ಪ್ರತಿ ಮನೆಗೂ ಒಂದು ಪುಟ್ಟ ಸರ್ಕ್ಯೂಟ್. ಆನೆ ಇರುವ ಮನೆ ನಾಲ್ಕೂ ದಿಕ್ಕಿಗೆ "ಇಲ್ಲಿ ಆನೆ ಇದೆ" ಎಂದು ಸಂಕೇತ ಕಳಿಸುತ್ತದೆ. ಖಾಲಿ ಮನೆ ಅದನ್ನು ಪಕ್ಕದ ಮನೆಗೆ ದಾಟಿಸುತ್ತದೆ. ಕಾಯಿ ಇರುವ ಮನೆ ತಡೆದು ನಿಲ್ಲಿಸುತ್ತದೆ. ಈ ಉಪಾಯದ ಮೂಲ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಜೋ ಕಾಂಡನ್ ಕಟ್ಟಿದ್ದ ಬೆಲ್ ಎಂಬ ಯಂತ್ರ. 1997ರಲ್ಲಿ ಕಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಕೂಡ ಇದೇ ದಾರಿ ಹಿಡಿದಿತ್ತು.

ಆದರೆ ವೇಗ ಎಷ್ಟಿದ್ದರೂ ನಿಯಮ ತಪ್ಪಿದರೆ ಫಲವಿಲ್ಲ. ಸೆಕೆಂಡಿಗೆ 20 ಕೋಟಿ ಸ್ಥಿತಿ ನೋಡುವ ಯಂತ್ರ ಒಂದು ಅಕ್ರಮ ನಡೆಯನ್ನು ಸಕ್ರಮ ಎಂದು ನಂಬಿದರೆ, ಅಷ್ಟೇ ವೇಗದಲ್ಲಿ ತಪ್ಪು ಲೆಕ್ಕ ಹಾಕುತ್ತಾ ಹೋಗುತ್ತದೆ.

ಒಂದೇ ಒಂದು ನಿಯಮ

ಮಕ್ಕಳಿಗೆ ಸಾಮಾನ್ಯವಾಗಿ ಚೆಕ್ ಅನ್ನು ಹಲವು ನಿಯಮಗಳಾಗಿ ಹೇಳಿಕೊಡುತ್ತೇವೆ: ಚೆಕ್ ಬಂದರೆ ಓಡು, ಇಲ್ಲವೇ ಅಡ್ಡ ಇಡು, ಇಲ್ಲವೇ ಹೊಡಿ. ರಾಜನ ಮುಂದಿನ ಕಾಯಿ ಸರಿಸಬೇಡ. ರಾಜನನ್ನು ಏಟಿನ ಮನೆಗೆ ಒಯ್ಯಬೇಡ. ನಿಜಕ್ಕೂ ಇವೆಲ್ಲ ಒಂದೇ ವಾಕ್ಯದ ಮಕ್ಕಳು. ಆ ವಾಕ್ಯ ಇದು:

ನಿಮ್ಮ ನಡೆ ಮುಗಿದ ಮೇಲೆ ನಿಮ್ಮ ರಾಜ ಎದುರಾಳಿಯ ಏಟಿನಲ್ಲಿ ಇರಬಾರದು.

ಪ್ರೋಗ್ರಾಂ ಬರೆಯುವವರು ಇದನ್ನು ಎರಡು ಹಂತ ಮಾಡುತ್ತಾರೆ. ಮೊದಲ ಹಂತದಲ್ಲಿ ರಾಜನ ಚಿಂತೆ ಬಿಟ್ಟು, ಕಾಯಿಗಳು ಎಲ್ಲೆಲ್ಲಿಗೆ ಹೋಗಬಲ್ಲವೋ ಆ ನಡೆಗಳನ್ನೆಲ್ಲ ಬರೆದುಕೊಳ್ಳುವುದು. ಇವನ್ನು ಅರೆ-ಸಕ್ರಮ ನಡೆಗಳು ಎನ್ನೋಣ. ಎರಡನೇ ಹಂತದಲ್ಲಿ ಒಂದೊಂದನ್ನೂ ಆಡಿ ನೋಡಿ, ನಮ್ಮ ರಾಜ ಏಟಿಗೆ ಸಿಕ್ಕಿದ್ದರೆ ಆ ನಡೆಯನ್ನು ಹಿಂದೆಗೆದು ಪಟ್ಟಿಯಿಂದ ಹೊಡೆದುಹಾಕುವುದು.

ಹಾಗಾದರೆ ರಾಜ ಏಟಿನಲ್ಲಿದ್ದಾನೆಯೇ ಎಂದು ತಿಳಿಯುವುದು ಹೇಗೆ? ಎದುರಾಳಿಯ ಎಲ್ಲ ಕಾಯಿಗಳ ಹಿಂದೆ ಓಡಬೇಕಿಲ್ಲ. ರಾಜನ ಮನೆಯಲ್ಲಿ ನಿಂತು ಹೊರಗೆ ನೋಡಿದರೆ ಸಾಕು. ಅಲ್ಲೊಂದು ಕುದುರೆ ಇದ್ದಿದ್ದರೆ ಎಲ್ಲಿಗೆ ಹಾರುತ್ತಿತ್ತೋ ಅಲ್ಲಿ ಎದುರಾಳಿಯ ಕುದುರೆ ಇದೆಯೇ? ನೇರ ದಾರಿಗಳಲ್ಲಿ ಮೊದಲು ಸಿಗುವ ಕಾಯಿ ಎದುರಾಳಿಯ ಆನೆಯೋ ಮಂತ್ರಿಯೋ? ಓರೆ ದಾರಿಗಳಲ್ಲಿ ಒಂಟೆಯೋ ಮಂತ್ರಿಯೋ? ಕಾಲಾಳು ಹೊಡೆಯುವ ಎರಡು ಮೂಲೆಗಳಲ್ಲಿ ಕಾಲಾಳು ಇದೆಯೇ? ಪಕ್ಕದಲ್ಲೇ ಎದುರಾಳಿ ರಾಜ ಇದ್ದಾನೆಯೇ? ಇಷ್ಟೇ ಪ್ರಶ್ನೆ.

ಇದು ಸರಿಯಾದ ವಿಧಾನ, ಆದರೆ ಸ್ವಲ್ಪ ನಿಧಾನ. ವೇಗದ ಆಸೆಗೆ ಪ್ರೋಗ್ರಾಮರುಗಳು ಒಳದಾರಿ ಹುಡುಕುತ್ತಾರೆ. ಚೆಕ್‌ನ ವಿಚಿತ್ರ ಸನ್ನಿವೇಶಗಳು ಕಾದು ಕೂತಿರುವುದು ಆ ಒಳದಾರಿಗಳಲ್ಲೇ. ಕೆಲವನ್ನು ನೋಡೋಣ.

1. ಕಟ್ಟಿಬಿದ್ದ ಕಾಯಿಯೂ ಚೆಕ್ ಕೊಡುತ್ತದೆ

ಮಕ್ಕಳ ಜಗಳದಲ್ಲಿ ಅತಿ ಸಾಮಾನ್ಯವಾದದ್ದು ಇದು. "ನಿನ್ನ ಕುದುರೆ ಸರಿದರೆ ನಿನ್ನ ರಾಜನಿಗೇ ಚೆಕ್, ಅದು ಪಿನ್ ಆಗಿದೆ. ಹಾಗಾಗಿ ಅದು ನನ್ನ ರಾಜನನ್ನು ಹೊಡೆಯಲಾರದು, ನಾನು ಆ ಮನೆಗೆ ಹೋಗಬಹುದು" ಎನ್ನುವ ವಾದ. ಕೇಳಲು ಸರಿ ಎನಿಸುತ್ತದೆ, ಆದರೆ ತಪ್ಪು. ಪಿನ್ ಆಗಿ ಅಲುಗಾಡಲಾರದ ಕಾಯಿಯೂ ತನ್ನ ಏಟಿನ ಮನೆಗಳನ್ನು ಕಾಯುತ್ತಲೇ ಇರುತ್ತದೆ ಎಂದು ಅಂತಾರಾಷ್ಟ್ರೀಯ ಸಂಸ್ಥೆ ಫಿಡೆಯ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಕಾರಣ ಸರಳ: ಯಾರ ರಾಜ ಮೊದಲು ಬೀಳುತ್ತಾನೋ ಅವನು ಸೋತ. ಆದ್ದರಿಂದ ಪ್ರೋಗ್ರಾಂನಲ್ಲಿ "ಏಟು" ಲೆಕ್ಕ ಹಾಕುವಾಗ ಅರೆ-ಸಕ್ರಮ ನಡೆಗಳನ್ನೇ ಬಳಸಬೇಕು, ಸಕ್ರಮ ನಡೆಗಳನ್ನಲ್ಲ.

2. ರಾಜನ ನೆರಳು

ಕಪ್ಪು ಆನೆ ಎ4ರಲ್ಲಿದೆ, ಬಿಳಿ ರಾಜ ಡಿ4ರಲ್ಲಿದ್ದಾನೆ, ನಡುವೆ ಏನೂ ಇಲ್ಲ. ರಾಜ ಹಿಂದೆ ಸರಿದು ಇ4ಕ್ಕೆ ಹೋಗಬಹುದೇ? ಕೂಡದು, ಆನೆಯ ಏಟು ಅಲ್ಲಿಗೂ ತಲಪುತ್ತದೆ. ಆದರೆ ಏಟಿನ ಮನೆಗಳ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡ ಪ್ರೋಗ್ರಾಂ "ಇ4 ಸುರಕ್ಷಿತ" ಎನ್ನುತ್ತದೆ. ಏಕೆಂದರೆ ಪಟ್ಟಿ ಮಾಡುವಾಗ ಡಿ4ರಲ್ಲಿದ್ದ ರಾಜನೇ ಆನೆಗೆ ಅಡ್ಡವಾಗಿದ್ದ! ಪರಿಹಾರ: ಪಟ್ಟಿ ಮಾಡುವ ಮೊದಲು ರಾಜನನ್ನು ಹಲಗೆಯಿಂದ ಎತ್ತಿಬಿಡಬೇಕು.

3. ಜೋಡಿ ಚೆಕ್

ಒಂದೇ ನಡೆಯಿಂದ ಎರಡು ಕಾಯಿಗಳ ಚೆಕ್ ಬಂದರೆ ಅಡ್ಡ ಇಟ್ಟೂ ಪ್ರಯೋಜನವಿಲ್ಲ, ಒಂದನ್ನು ಹೊಡೆದೂ ಪ್ರಯೋಜನವಿಲ್ಲ. ರಾಜ ಓಡಲೇಬೇಕು. 1912ರಲ್ಲಿ ಲಂಡನ್‌ನಲ್ಲಿ ಎಡ್ವರ್ಡ್ ಲಾಸ್ಕರ್ ಮತ್ತು ಜಾರ್ಜ್ ಥಾಮಸ್ ಆಡಿದ ಆಟ ಇದಕ್ಕೆ ಪ್ರಸಿದ್ಧ. ಲಾಸ್ಕರ್ ಎಚ್7ರಲ್ಲಿ ಮಂತ್ರಿಯನ್ನೇ ಬಲಿಕೊಟ್ಟು, ಮರುನಡೆಯಲ್ಲಿ ಕುದುರೆ ಮತ್ತು ಒಂಟೆಗಳಿಂದ ಜೋಡಿ ಚೆಕ್ ಕೊಟ್ಟರು. ಥಾಮಸ್ ಅವರ ಕಪ್ಪು ರಾಜ ಹಲಗೆಯ ಉದ್ದಕ್ಕೂ ಓಡಿ ಜಿ1ಕ್ಕೆ, ಅಂದರೆ ಬಿಳಿಯ ಮನೆಯಂಗಳಕ್ಕೇ ಬಂದು ನಿಂತ! 18ನೇ ನಡೆಯಲ್ಲಿ ಬಿಳಿ ರಾಜ ಡಿ2ಕ್ಕೆ ಸರಿದದ್ದೇ ಹಿಂದಿದ್ದ ಆನೆಗೆ ದಾರಿ ಬಿಟ್ಟು ಚೆಕ್‌ಮೇಟ್. ಅಲ್ಲಿ ಕ್ಯಾಸ್ಲಿಂಗ್ ಮಾಡಿದ್ದರೂ ಮೇಟ್ ಆಗುತ್ತಿತ್ತು. ರಾಜ ತಾನು ಚೆಕ್ ಕೊಡಲಾರ, ಆದರೆ ದಾರಿ ಬಿಟ್ಟುಕೊಟ್ಟು ಚೆಕ್ ಬರಿಸಬಲ್ಲ ಎಂಬುದನ್ನೂ ಪ್ರೋಗ್ರಾಂ ಮರೆಯಬಾರದು.

4. ಕ್ಯಾಸ್ಲಿಂಗ್: ಕಾಯಬೇಕಾದದ್ದು ರಾಜನನ್ನು, ಆನೆಯನ್ನಲ್ಲ

ಕ್ಯಾಸ್ಲಿಂಗ್ ಮಾಡುವಾಗ ರಾಜ ಚೆಕ್‌ನಲ್ಲಿ ಇರಬಾರದು, ಏಟಿನ ಮನೆ ದಾಟಬಾರದು, ಏಟಿನ ಮನೆಗೆ ಇಳಿಯಬಾರದು. ಆನೆ ಏಟಿನಲ್ಲಿದ್ದರೆ ಅಡ್ಡಿಯಿಲ್ಲ. ಮಂತ್ರಿ ಕಡೆಯ ಕ್ಯಾಸ್ಲಿಂಗ್‌ನಲ್ಲಿ ಆನೆ ಮಾತ್ರ ದಾಟುವ ಬಿ1 ಮನೆ ಏಟಿನಲ್ಲಿದ್ದರೂ ಅಡ್ಡಿಯಿಲ್ಲ, ಅದು ಖಾಲಿ ಇದ್ದರೆ ಸಾಕು. ಇದರಲ್ಲಿ ಸಂಶಯ ಬರುವುದು ಹೊಸಬರಿಗೆ ಮಾತ್ರವಲ್ಲ. 1974ರಲ್ಲಿ ಮಾಸ್ಕೋದಲ್ಲಿ ಕಾರ್ಪೊವ್ ವಿರುದ್ಧದ ಕ್ಯಾಂಡಿಡೇಟ್ಸ್ ಫೈನಲ್‌ನ 21ನೇ ಆಟದಲ್ಲಿ ವಿಕ್ಟರ್ ಕೊರ್ಚ್‌ನೊಯ್, ಆನೆ ಏಟಿನಲ್ಲಿರುವಾಗ ಕ್ಯಾಸ್ಲಿಂಗ್ ಮಾಡಬಹುದೇ ಎಂದು ಆರ್ಬಿಟರ್ ಬಳಿ ಕೇಳಿಯೇ ಮುಂದುವರಿದರು. ಮಾಡಿದರು, 19ನೇ ನಡೆಗೆ ಗೆದ್ದರು.

ಪ್ರೋಗ್ರಾಂ ದೃಷ್ಟಿಯಲ್ಲಿ, ನಮ್ಮ ಒಂದು ವಾಕ್ಯಕ್ಕೆ ಹೊರಗಿನಿಂದ ಸೇರಿಸಬೇಕಾದ ಷರತ್ತು ಕ್ಯಾಸ್ಲಿಂಗ್‌ನದ್ದು ಮಾತ್ರ. ನಡೆ ಮುಗಿದ ಮೇಲಷ್ಟೇ ಅಲ್ಲ, ರಾಜ ಹೊರಟ ಮನೆಯನ್ನೂ ದಾಟಿದ ಮನೆಯನ್ನೂ ಪರೀಕ್ಷಿಸಬೇಕು.

5. ಎಲ್ಲಕ್ಕಿಂತ ತುಂಟ – ಎನ್ ಪಾಸಾಂ

ಎರಡು ಮನೆ ಹಾರಿ ತನ್ನ ಪಕ್ಕಕ್ಕೆ ಬಂದ ಕಾಲಾಳನ್ನು, ಅದು ಒಂದೇ ಮನೆ ನಡೆದಿತ್ತು ಎನ್ನುವಂತೆ ಮರುನಡೆಯಲ್ಲೇ ಹೊಡೆಯುವುದು ಎನ್ ಪಾಸಾಂ. ಚೆಸ್‌ನಲ್ಲಿ ಹೊಡೆದ ಕಾಯಿ ಬಂದು ನಿಲ್ಲುವ ಮನೆ ಮತ್ತು ಸತ್ತ ಕಾಯಿ ಇದ್ದ ಮನೆ ಬೇರೆ ಬೇರೆಯಾಗುವುದು ಇಲ್ಲಿ ಮಾತ್ರ. ಒಂದೇ ನಡೆಗೆ ಎರಡು ಮನೆ ಖಾಲಿಯಾಗುತ್ತವೆ. ಪೇಚಾಟವೆಲ್ಲ ಇಲ್ಲಿಂದಲೇ.

1928ರಲ್ಲಿ ಆಸ್ಟ್ರೇಲಿಯಾದಲ್ಲಿ ಗುನ್ನಾರ್ ಗುಂಡರ್ಸನ್ ಮತ್ತು ಆಲ್ಬರ್ಟ್ ಫೌಲ್ ನಡುವಿನ ಆಟ ನೋಡಿ. ಕಪ್ಪು ರಾಜ ಎಚ್6ರಲ್ಲಿದ್ದ. ಬಿಳಿಯ ಒಂಟೆ ಸಿ1ರಿಂದ ಓರೆಯಾಗಿ ಚೆಕ್ ಕೊಟ್ಟಿತು. ಫೌಲ್ ಜಿ7ರ ಕಾಲಾಳನ್ನು ಜಿ5ಕ್ಕೆ ಹಾರಿಸಿ ಅಡ್ಡ ಇಟ್ಟರು. ಗುಂಡರ್ಸನ್ ಎಚ್5ರ ಕಾಲಾಳಿನಿಂದ ಅದನ್ನು ಎನ್ ಪಾಸಾಂ ಹೊಡೆದು ಜಿ6ಕ್ಕೆ ಬಂದರು. ಚೆಕ್‌ಮೇಟ್! ಎಚ್5 ಖಾಲಿಯಾದ್ದರಿಂದ ಎಚ್1ರ ಆನೆಯ ಚೆಕ್, ಜಿ5 ಖಾಲಿಯಾದ್ದರಿಂದ ಸಿ1ರ ಒಂಟೆಯ ಚೆಕ್. ಜೋಡಿ ಚೆಕ್ ಬಂತು, ಆದರೆ ನಡೆದ ಕಾಲಾಳು ಮಾತ್ರ ಚೆಕ್ ಕೊಟ್ಟೇ ಇಲ್ಲ! "ಚೆಕ್ ಬಂದರೆ ನಡೆದ ಕಾಯಿಯಿಂದ ಬರಬೇಕು, ಇಲ್ಲವೇ ಅದು ಬಿಟ್ಟ ಮನೆಯ ಹಿಂದಿನಿಂದ ಬರಬೇಕು" ಎಂಬ ಒಳದಾರಿ ಹಿಡಿದ ಪ್ರೋಗ್ರಾಂಗೆ ಇಲ್ಲಿ ಒಂಟೆ ಕಾಣುವುದೇ ಇಲ್ಲ.

ಇನ್ನೊಂದು ಸನ್ನಿವೇಶ. ಬಿಳಿ ರಾಜ ಡಿ4ರಲ್ಲಿ, ಬಿಳಿ ಕಾಲಾಳು ಎಫ್5ರಲ್ಲಿ ಇವೆ. ಕಪ್ಪು ಕಾಲಾಳು ಇ7ರಿಂದ ಇ5ಕ್ಕೆ ಹಾರಿ ಚೆಕ್ ಕೊಟ್ಟಿತು. ಎಫ್5ರ ಕಾಲಾಳು ಇ6ಕ್ಕೆ ಹೋಗಿ ಅದನ್ನು ಹೊಡೆಯಬಹುದು. ಆದರೆ "ಚೆಕ್ ಕೊಟ್ಟ ಕಾಯಿಯನ್ನು ಹೊಡೆಯಬೇಕಾದರೆ ಅದರ ಮನೆಗೇ ಹೋಗಬೇಕು" ಎಂದು ಬರೆದಿಟ್ಟ ಪ್ರೋಗ್ರಾಂ ಈ ಸಕ್ರಮ ನಡೆಯನ್ನೇ ಮರೆಯುತ್ತದೆ. ಅದೊಂದೇ ಉಳಿದ ನಡೆಯಾಗಿದ್ದರೆ ಆಟ ಮುಗಿಯದೆಯೇ "ಮೇಟ್" ಎಂದು ಘೋಷಿಸಿಬಿಡುತ್ತದೆ!

ಎಣಿಸಿ ನೋಡುವ ಪರೀಕ್ಷೆ

ಪ್ರೋಗ್ರಾಂ ಸರಿಯಿದೆ ಎಂದು ನಂಬುವುದು ಹೇಗೆ? ಇದಕ್ಕೆ ಪರ್ಫ್ಟ್ ಎಂಬ ಸರಳ ಪರೀಕ್ಷೆ ಇದೆ. ಒಂದು ಸ್ಥಿತಿಯಿಂದ ಇಂತಿಷ್ಟು ಅರೆನಡೆಗಳ ತನಕ (ಒಬ್ಬರ ಒಂದು ನಡೆ ಒಂದು ಅರೆನಡೆ) ಆಡಬಹುದಾದ ಎಲ್ಲ ದಾರಿಗಳನ್ನೂ ಎಣಿಸುವುದು, ಜಗತ್ತಿನ ಇತರ ಪ್ರೋಗ್ರಾಮರುಗಳು ಒಪ್ಪಿದ ಸಂಖ್ಯೆಗೆ ಹೋಲಿಸುವುದು. ಆಟದ ಆರಂಭದಿಂದ ಹೀಗೆ ಬರಬೇಕು:

1 ಅರೆನಡೆ – 20
2 ಅರೆನಡೆ – 400
3 ಅರೆನಡೆ – 8,902
4 ಅರೆನಡೆ – 1,97,281
5 ಅರೆನಡೆ – 48,65,609

ನಾಲ್ಕರ ತನಕ ಸರಿಬಂತೆಂದು ಸಂಭ್ರಮಿಸಬೇಡಿ. ಆರಂಭದಿಂದ ಎಣಿಸಿದರೆ ಎನ್ ಪಾಸಾಂ ಮೊದಲು ಕಾಣಿಸುವುದೇ ಐದನೇ ಅರೆನಡೆಯಲ್ಲಿ, ಅದೂ 258 ಬಾರಿ ಮಾತ್ರ. ಅದಕ್ಕಾಗಿಯೇ ಬೇಕೆಂದು ಆರಿಸಿದ ತುಂಟ ಸ್ಥಿತಿಗಳಿವೆ. ಅವುಗಳಲ್ಲಿ ಒಂದನ್ನು ಹಲಗೆಯ ಮೇಲೆ ಇಡಿ:

ಬಿಳಿ: ರಾಜ ಎ5, ಆನೆ ಬಿ4, ಕಾಲಾಳುಗಳು ಬಿ5, ಇ2, ಜಿ2.
ಕಪ್ಪು: ರಾಜ ಎಚ್4, ಆನೆ ಎಚ್5, ಕಾಲಾಳುಗಳು ಸಿ7, ಡಿ6, ಎಫ್4.
ಬಿಳಿಯ ಸರದಿ.

ಇಲ್ಲಿ ಬಿಳಿಗೆ 14 ಸಕ್ರಮ ನಡೆಗಳಿವೆ. ಎರಡು ಅರೆನಡೆಗೆ ಸರಿಯಾದ ಲೆಕ್ಕ 191, ಮೂರಕ್ಕೆ 2,812. ಈಗ ಬಿಳಿ ಕಾಲಾಳು ಇ2ರಿಂದ ಇ4ಕ್ಕೆ ಹಾರಲಿ. ಕಪ್ಪು ಎಫ್4ರಿಂದ ಅದನ್ನು ಎನ್ ಪಾಸಾಂ ಹೊಡೆಯಬಹುದೇ? ಹೊಡೆದರೆ ನಾಲ್ಕನೇ ಸಾಲಿನಿಂದ ಎರಡೂ ಕಾಲಾಳುಗಳು ಒಮ್ಮೆಗೇ ಮಾಯ. ಬಿ4ರ ಆನೆಗೂ ಎಚ್4ರ ರಾಜನಿಗೂ ನಡುವೆ ಯಾರೂ ಇಲ್ಲ. ಆದ್ದರಿಂದ ಅದು ಅಕ್ರಮ. ಜಿ2ರಿಂದ ಜಿ4ಕ್ಕೆ ಹಾರಿದರೂ ಇದೇ ಕಥೆ. ಸಾಲಿನಲ್ಲಿ ಎರಡು ಕಾಯಿ ಅಡ್ಡ ಇರುವುದರಿಂದ ಮಾಮೂಲಿ ಪಿನ್ ಪರೀಕ್ಷೆಗೆ ಇದು ಸಿಕ್ಕುವುದಿಲ್ಲ. ಅಂತಹ ಪ್ರೋಗ್ರಾಂ ಈ ಎರಡೂ ನಡೆಗಳನ್ನು ಒಪ್ಪಿ 191ರ ಬದಲು 193 ಎನ್ನುತ್ತದೆ. ಎರಡೇ ಎರಡು ಸಂಖ್ಯೆಯ ವ್ಯತ್ಯಾಸ, ಆದರೆ ಒಂದು ನಿಯಮವೇ ಕಾಣೆಯಾಗಿದೆ ಎಂಬುದಕ್ಕೆ ಸಾಕ್ಷಿ. "ಆಡಿ ನೋಡಿ, ರಾಜನ ಮನೆಯಿಂದ ಹೊರಗೆ ನೋಡು" ಎಂಬ ನಿಧಾನದ ವಿಧಾನ ಮಾತ್ರ ಇದನ್ನು ಯಾವ ವಿಶೇಷ ಸೂಚನೆಯೂ ಇಲ್ಲದೆ ಹಿಡಿಯುತ್ತದೆ.

ರಿಯಾದ್ ಸ್ಥಿತಿಗೆ ಪ್ರೋಗ್ರಾಂ ಏನೆನ್ನುತ್ತದೆ?

ಇಬ್ಬರು ರಾಜರಿಗೂ ಚೆಕ್ ಇರುವ ಸ್ಥಿತಿ ಸಕ್ರಮ ನಡೆಗಳಿಂದ ಎಂದೂ ಬರುವುದಿಲ್ಲ. ಹಾಗಾಗಿ ಬಹಳಷ್ಟು ಪ್ರೋಗ್ರಾಂಗಳು ಅದು ಬರುವುದಿಲ್ಲ ಎಂದೇ ನಂಬಿಕೊಂಡು ಬರೆಯಲ್ಪಟ್ಟಿರುತ್ತವೆ. ಬಂದರೆ ರಾಜನನ್ನೇ ಹೊಡೆಯಲು ಹೊರಡುತ್ತವೆ, ಇಲ್ಲವೇ ಕುಸಿಯುತ್ತವೆ. ಒಳ್ಳೆಯ ಪ್ರೋಗ್ರಾಂ ಒಂದು ಸ್ಥಿತಿಯನ್ನು ಒಳಗೆ ಬಿಟ್ಟುಕೊಳ್ಳುವಾಗ ಎರಡು ಬೇರೆ ಪ್ರಶ್ನೆ ಕೇಳುತ್ತದೆ: ಸರದಿ ಇರುವವರ ರಾಜನಿಗೆ ಚೆಕ್ ಇದೆಯೇ? ಇದ್ದರೆ ಉತ್ತರ ಹುಡುಕು. ಸರದಿ ಮುಗಿಸಿದವರ ರಾಜನಿಗೆ ಚೆಕ್ ಇದೆಯೇ? ಇದ್ದರೆ ಈ ಸ್ಥಿತಿಯೇ ಅಕ್ರಮ, ಹಿಂದಿನ ನಡೆಯಲ್ಲೇ ತಪ್ಪಾಗಿದೆ. ರಿಯಾದ್‌ನ ಗಲಾಟೆಯ ಬೇರು ಈ ಎರಡನೇ ಪ್ರಶ್ನೆಯಲ್ಲಿತ್ತು. ಎದುರಾಳಿ ರಾಜನನ್ನು ಚೆಕ್‌ನಲ್ಲೇ ಬಿಟ್ಟು ಗಡಿಯಾರ ಒತ್ತಿದರೆ, ನೀವು ನಡೆಯಬೇಡಿ. ಗಡಿಯಾರ ನಿಲ್ಲಿಸಿ ಆರ್ಬಿಟರ್ ಕರೆಯಿರಿ. ಟೂರ್ನಮೆಂಟ್‌ಗೆ ಹೋಗುವ ಮಕ್ಕಳಿಗೆ ಇದನ್ನು ಈಗಲೇ ಹೇಳಿಕೊಡುವುದು ಒಳ್ಳೆಯದು. ಫಿಡೆ ನಿಯಮದಂತೆ ದೀರ್ಘ ಅವಧಿಯ ಆಟದಲ್ಲಿ ಮೊದಲ ಅಕ್ರಮ ನಡೆಗೆ ಎದುರಾಳಿಗೆ 2 ನಿಮಿಷ ಹೆಚ್ಚು ಸಿಗುತ್ತದೆ, ಎರಡನೆಯದಕ್ಕೆ ಸಾಮಾನ್ಯವಾಗಿ ಆಟವೇ ಹೋಗುತ್ತದೆ.

ಮನೆಯಲ್ಲಿ ಮಾಡಿ ನೋಡಿ

ಹೈಡ್ರಾ ಈಗ ಇತಿಹಾಸ. ಅದಕ್ಕಿಂತ ಚೆನ್ನಾಗಿ ಆಡುವ ಸ್ಟಾಕ್‌ಫಿಶ್ ಇಂದು ಮಕ್ಕಳ ಫೋನಿನಲ್ಲೇ ಉಚಿತವಾಗಿ ಸಿಗುತ್ತದೆ. ಅದನ್ನು ಸೋಲಿಸುವ ಪ್ರೋಗ್ರಾಂ ಬರೆಯುವುದು ನಮ್ಮ ಗುರಿಯಲ್ಲ. ಕೋಡಿಂಗ್ ಕಲಿಯುವ ಎಂಟನೇ, ಒಂಬತ್ತನೇ ತರಗತಿಯ ಮಕ್ಕಳಿಗೆ ನಮ್ಮ ಸಲಹೆ ಇಷ್ಟೇ. ಮೊದಲು ನಿಧಾನದ ಪ್ರೋಗ್ರಾಂ ಬರೆಯಿರಿ: ಎಲ್ಲ ನಡೆ ಬರೆ, ಆಡಿ ನೋಡು, ರಾಜನ ಮನೆಯಿಂದ ನೋಡು, ಹಿಂದೆಗೆ. 20, 400, 8,902 ಬರಲಿ. ಆಮೇಲೆ 14, 191, 2,812 ಬರಲಿ. ಅದಾದ ಮೇಲೆ ಮಾತ್ರ ವೇಗದ ಪ್ರೋಗ್ರಾಂ ಬರೆಯಿರಿ, ಎರಡರ ಉತ್ತರವನ್ನೂ ಹೋಲಿಸಿ. ವ್ಯತ್ಯಾಸ ಬಂದರೆ ನಿಧಾನದ್ದನ್ನೇ ನಂಬಿ. ನಾವು ಸಾಫ್ಟ್‌ವೇರ್ ವೃತ್ತಿಯಲ್ಲಿರುವವರು ಬ್ಯಾಂಕಿನ ಲೆಕ್ಕಕ್ಕೂ ವಿಮಾನದ ಟಿಕೆಟ್ಟಿಗೂ ಮಾಡುವುದು ಇದನ್ನೇ.

ಕೋಡಿಂಗ್ ಗೊತ್ತಿಲ್ಲದ ಅಪ್ಪ ಅಮ್ಮಂದಿರೂ ಹಿಂದೆ ಸರಿಯಬೇಕಿಲ್ಲ. ಮೇಲಿನ ಸ್ಥಿತಿಯನ್ನು ಹಲಗೆಯ ಮೇಲಿಟ್ಟು ಬಿಳಿಯ 14 ನಡೆಗಳನ್ನು ಮಕ್ಕಳೊಂದಿಗೆ ಬೆರಳಲ್ಲಿ ಎಣಿಸಿ. 15 ಅಥವಾ 16 ಬಂದರೆ ಬಿ5ರ ಕಾಲಾಳನ್ನೂ ಬಿ6 ಮನೆಯನ್ನೂ ಇನ್ನೊಮ್ಮೆ ನೋಡಿ!